ಗುಡ್ಡ ಬೆನ್ನಿಗಿರಲಿ

ನವೆಂಬರ್ 3, ಭಾನುವಾರ

ಇವತ್ತೂ ಹೋದೆ. ಕಾರವಾರ ಬೀಚಿನಲ್ಲಿ ರಕ್ಷಿತಾಳ ಮೂರನೇ ಕ್ಲಾಸು. ಮೊಬೈಲಿನಲ್ಲೇ ಪ್ರವಾಸದ ಫೋಟೊ ತೆಗೆಯುವುದು ಹೇಗೆ ಅಂತ. ಎಂಟು ಜನ. ಏಳು ಕಾಲೇಜಿನವು, ಎಂಟನೆಯದು ನಲವತ್ನಾಲ್ಕರ ಬಸ್ ಕಂಡಕ್ಟರ್, ನಾನು.

ಗ್ರಿಡ್ ಹಾಕಿಕೊಳ್ಳಿ ಅಂದಳು. ಸ್ಕ್ರೀನ್ ಮೇಲೆ ಒಂಬತ್ತು ಚೌಕ. ಮುಖ್ಯವಾದದ್ದು ನಡುವೆ ಇರಬಾರದಂತೆ, ಬದಿಗೆ ಸರಿಸಬೇಕಂತೆ. ಯಾಕೆ ಅಂತ ತಲೆಗೆ ಹೋಗಲಿಲ್ಲ. ಬದಿಗೆ ಸರಿಸುವ ವಿದ್ಯೆ ಸರ್ಕಾರದವರ ಹತ್ತಿರ ಮಾತ್ರ ಇದೆ ಅಂದುಕೊಂಡಿದ್ದೆ.

"ಜಾನಕಿಯಕ್ಕಾ, ನೀವು ಎಲ್ಲಿಗೆ ಟ್ರಿಪ್ ಹೋಗೂದು?" ಅಂದಳು ರಕ್ಷಿತಾ.

"ನಮ್ಮೂರಿಗೆ."

"ಸ್ವಂತ ಊರಿಗೆ ಹೋಗೂಕೆ ಕ್ಲಾಸ್ ಎಂತಕೆ?"

ಹುಡುಗರು ನಕ್ಕರು. ನಾನೂ ನಕ್ಕೆ.

ನವೆಂಬರ್ 5, ಮಧ್ಯಾಹ್ನ 2. ಅಂಕೋಲಾ ಸ್ಟ್ಯಾಂಡು

ಕಾರವಾರ–ಅಂಕೋಲಾ. ಅಂಕೋಲಾ–ಕಾರವಾರ. ದಿನಕ್ಕೆ ಆರು ಸಲ ಆ ಗೋಡೆ ಪಕ್ಕ ಹೋಗುತ್ತೇನೆ, ಟಿಕೆಟ್ ಹರಿಯುತ್ತ. ಗೋಡೆ ಒಳಗೆ ನೌಕಾನೆಲೆ. ನೌಕಾನೆಲೆ ಒಳಗೆಲ್ಲೋ ನಮ್ಮೂರು. ತೊಂಬತ್ತೆಂಟರಲ್ಲಿ ಎಬ್ಬಿಸಿದರು. ದೇಶಕ್ಕಾಗಿ ಅಂದರು. ದೇಶದಲ್ಲಿ ನಾವು ಸೇರಿಲ್ಲ ಅಂತ ಗೊತ್ತಾದದ್ದು ಆಗ. ನನಗೆ ಹದಿನೆಂಟು. ಮೈಕ್ ಹಿಡಿದೆ, ಕಚೇರಿ ಮುಂದೆ ಕೂತೆ, 'ನಮ್ಮೂರು ನಮ್ಮದು' ಅಂತ ಗಂಟಲು ಹರಿದುಕೊಂಡೆ. ಹರಿದದ್ದು ಗಂಟಲು ಮಾತ್ರ.

ಅವ್ವಿ ಈಗ ಅಂಕೋಲೆಯ ಪುನರ್ವಸತಿ ಕಾಲನಿಯಲ್ಲಿ. ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದಕ್ಕೆ ಡಿಸೆಂಬರ್ ಹನ್ನೆರಡಕ್ಕೆ ಆಪರೇಷನ್. ಉಳಿಯುತ್ತದೆ ಅಂತ ಹೇಳಲಾರೆ ಅಂದರು ಡಾಕ್ಟರು. ಅವ್ವಿ ಅಷ್ಟನ್ನೂ ಕೇಳಿಸಿಕೊಂಡಳು. ಹೊರಗೆ ಬಂದು ಹೇಳಿದ್ದು ಒಂದೇ ಮಾತು —

"ಅದ್ಕಿಂತ ಮೊದ್ಲು ಊರು ಒಂದ್ಸಲ ತೋರ್ಸೇ."

ಒಳಗೆ ಬಿಡುವುದಿಲ್ಲ. ಹಳೆಯ ಫೋಟೊ ಒಂದೂ ಇಲ್ಲ. ಆಗ ಯಾರ ಮನೆಯಲ್ಲಿತ್ತು ಕ್ಯಾಮೆರಾ? ಪೇಪರಿನವರು ತೆಗೆದದ್ದೆಲ್ಲ ಬಾಯಿ ತೆರೆದ ನಮ್ಮ ಮುಖಗಳು. ಅವುಗಳ ಹಿಂದೆ ಬ್ಯಾನರ್ ಇದೆ. ಊರಿಲ್ಲ.

ನವೆಂಬರ್ 10

ಝೂಮ್ ಮಾಡಬೇಡಿ, ನೀವೇ ಹತ್ತಿರ ಹೋಗಿ — ರಕ್ಷಿತಾ. ಒಳಗೆ ಬಿಡುವ ಊರಿನವರಿಗೆ ಬರೆದ ಪಾಠ.

ಸೂರ್ಯ ಬೆನ್ನಿಗಿರಬೇಕು. ಸಮುದ್ರದ ಗೆರೆ ಸೊಟ್ಟ ಆಗಬಾರದು. ಬೆರಳಿಟ್ಟು ಬೆಳಕು ಇಳಿಸಬೇಕು. ಇಳಿಸಿದೆ, ಎಲ್ಲ ಕಪ್ಪು. ಏರಿಸಿದೆ, ಎಲ್ಲ ಬಿಳಿ. ಎರಡರ ನಡುವೆ ಎಲ್ಲೋ ಸಮುದ್ರ ಇರಬೇಕು...

ನವೆಂಬರ್ 24, ಭಾನುವಾರ

ಆಯಿತು. ತೆಗೆದೆ.

ಪುಂಡಲೀಕಣ್ಣನ ಬೋಟು. ನಮ್ಮೂರವನೇ, ಮೀನು ಹಿಡಿಯುವವ. ಈಗ ಕಾರವಾರದ ಬೈತಖೋಲದಲ್ಲಿ ಇದ್ದಾನೆ. ಸಂಜೆ ನಾಲ್ಕಕ್ಕೆ ಹೊರಟೆವು. ಒಂದು ಜಾಗಕ್ಕೆ ಬಂದು ಇಂಜಿನ್ ಆಫ್ ಮಾಡಿದ.

"ಇಲ್ಲಿಂದ ಆಚೆ ಹೋಗೂಕಿಲ್ಲ. ಅದೇ ನೋಡು, ನಡುವೆ ಸೀಳಿದ ಗುಡ್ಡ. ಅದರ ಬುಡ ನಮ್ಮೂರು. ಗುಡ್ಡ ಒಂದೇ ತೆಗಿ, ನೇವಿ ಹಡಗು ಫೋಟೊದಲ್ಲಿ ಬಂದ್ರೆ ಅಳ್ಸು. ನಂಗೆ ನಾಳೆನೂ ಮೀನಿಗೆ ಬರೂದದೆ."

"ನಮ್ಮ ಗುಡ್ಡ ಅಣ್ಣಾ. ಕದ್ದು ತೆಗೀಬೇಕಾ?"

"ಭಾಷಣ ಆಮೇಲೆ ಮಾಡು. ಬೆಳಕು ಹೋಗ್ತದೆ."

ಸೂರ್ಯ ಬೆನ್ನಿಗೆ. ಗೆರೆ ನೇರ. ಗುಡ್ಡ ಬದಿಯ ಚೌಕದಲ್ಲಿ, ಬಂಗಾರದ ಬಣ್ಣ. ರಕ್ಷಿತಾಗೆ ಕಳಿಸಿದೆ. 'ಅಕ್ಕಾ, ಕ್ಯಾಲೆಂಡರಿಗೆ ಹಾಕೂ ಹಂಗೆ ಬಂದಿದೆ' ಅಂತ ಉತ್ತರ. ಫೋಟೊವನ್ನು ಹತ್ತು ಸಲ ನೋಡಿದೆ. ಎದೆ ಯಾಕೋ ಸುಮ್ಮನಿದೆ. ಕುಣಿಯಬೇಕಿತ್ತು.

ನವೆಂಬರ್ 25

"ಇದ್ಯಾವ್ದೇ ಊರು?" ಅಂದಳು ಅವ್ವಿ.

"ನಮ್ಮದೇ."

ಫೋನನ್ನು ಒಳ್ಳೇ ಕಣ್ಣಿಗೆ ಒತ್ತಿ ಹಿಡಿದಳು. ದೂರ ಹಿಡಿದಳು. ವಾಪಸು ಕೊಟ್ಟಳು.

"ಹೋಗೇ. ನಮ್ಮೂರು ಇದಲ್ಲ."

"ಪುಂಡಲೀಕಣ್ಣನೇ ತೋರ್ಸಿದ್ದು ಅವ್ವಿ."

"ಅಂವ ಊರಲ್ಲಿ ಇದ್ದದ್ದು ಯಾವಾಗ? ಉಂಬೂಕೆ ಬರ್ತಿದ್ದ, ಹೋಗ್ತಿದ್ದ."

ಕಣ್ಣು ಅಷ್ಟೂ ಹೋಯಿತೇ? ನೆನಪು ಹೋಯಿತೇ? ಗುಡ್ಡವನ್ನೇ ಕಡಿದು ಬೇರೆ ಆಕಾರ ಮಾಡಿದರೇ? ಅಥವಾ ಬೇರೆ ಗುಡ್ಡವೇ? ಸಿಟ್ಟು ಯಾರ ಮೇಲೆ ಅಂತಲೂ ಗೊತ್ತಾಗುತ್ತಿಲ್ಲ.

ಇಲ್ಲಿ ಸುಳ್ಳು ಬರೆದು ಏನು ಮಾಡಲಿ — ನನಗೂ ಆ ಗುಡ್ಡದ ಗುರುತು ಹತ್ತಲಿಲ್ಲ. ಇಪ್ಪತ್ತಾರು ವರ್ಷ 'ನಮ್ಮೂರು' ಅಂದವಳು.

ಡಿಸೆಂಬರ್ 2

ಬರೆಯಲು ಮನಸ್ಸಾಗಿರಲಿಲ್ಲ. ನಿನ್ನೆ ಭಾನುವಾರದ ಕ್ಲಾಸಿಗೂ ಹೋಗಲಿಲ್ಲ.

ಇವತ್ತು ಪುಂಡಲೀಕಣ್ಣನಿಗೆ ಫೋನ್ ಮಾಡಿ ಬೈದೆ. ಅವನು ನಕ್ಕ.

"ನಂಗೆ ಊರು ಅಂದ್ರೆ ಆ ಗುಡ್ಡವೇ ಮಾರಾಯ್ತಿ. ಮೀನು ಹಿಡ್ಕಂಡು ಬರೂವಾಗ ಮೊದಲು ಕಾಣೂದು ಅದು. ನಿನ್ನ ಅವ್ವಿ ಗದ್ದೆ ಕೆಲಸದವಳು. ದೋಣಿ ಹತ್ತಿದ್ದಳನೇ ಒಂದಿನ?"

ಇಲ್ಲ. ಹತ್ತಿರಲಿಲ್ಲ. ಮೊನ್ನೆಯವರೆಗೆ ನಾನೂ ಹತ್ತಿರಲಿಲ್ಲ.

ಡ್ಯೂಟಿ ಮುಗಿಸಿ ನೇರ ಅವ್ವಿಯ ಹತ್ತಿರ ಹೋದೆ. ಬಾಗಿಲಲ್ಲಿ ನಿಂತರೆ ಏನು ಕಾಣುತ್ತಿತ್ತು ಅಂತ ಕೇಳಿದೆ.

"ಗುಡ್ಡ ಬೆನ್ನಿಗೆ. ತನ್ನ ಬೆನ್ನು ತಾನು ನೋಡ್ಕಂತಾರನೇ ಯಾರಾದ್ರೂ? ಅಂಗಳಲ್ಲಿ ಭತ್ತ ಬಡಿತಾ ಇದ್ರೆ ಎದ್ರಿಗೆ ಎಮ್ಮೆಕಲ್ಲು, ಸಮುದ್ರದ ನಡುವೆ, ಎರಡು ಕೋಡು. ಈ ತಿಂಗಳಲ್ಲಿ ಸೂರ್ಯ ಎಡಗೋಡಿಗೆ ಇಳೀತಿದ್ದ. ಅಷ್ಟೊತ್ತಿಗೆ ನಿನ್ನ ಕರೀತಿದ್ದೆ, ಹುಲ್ಲು ಒಟ್ಟೂಕೆ. ನೀ ಬರ್ತಿರ್ಲಿಲ್ಲ."

ನಾನು ಊರನ್ನು ಹೊರಗಿನಿಂದ ನೋಡಿ ಬಂದಿದ್ದೆ. ಟೂರಿಸ್ಟಿನ ಹಾಗೆ. ಹೊರಗಿನವರಿಗೆ ಬೈಯುತ್ತ ಬೈಯುತ್ತ ಅವರ ಕಣ್ಣನ್ನೇ ಹಾಕಿಕೊಂಡು ಹೋಗಿದ್ದೆ. ಹಾಗಾದರೆ ಅಷ್ಟು ವರ್ಷ ಮೈಕಿನಲ್ಲಿ ಹೇಳಿದ ಊರು ಯಾವುದು...

ಡಿಸೆಂಬರ್ 8, ಭಾನುವಾರ

ಆಪರೇಷನ್‌ಗೆ ನಾಲ್ಕು ದಿನ. ಬೆಳಗಿನ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬೈತಖೋಲಕ್ಕೆ ಓಡಿದೆ.

ಪುಂಡಲೀಕಣ್ಣ ಹೊರಗೆಲ್ಲೋ ಬೋಟು ನಿಲ್ಲಿಸಿದ. ಹಿಂದೆ ನೋಡುತ್ತಾನೆ, ಮುಂದೆ ನೋಡುತ್ತಾನೆ, ಒಂದಿಷ್ಟು ಸರಿಸುತ್ತಾನೆ. ಬಲೆ ಬಿಟ್ಟ ಜಾಗ ಮತ್ತೆ ಹುಡುಕುವುದೂ ಹೀಗೆಯೇ ಅಂತೆ.

"ಹಿಂದೆ ಗುಡ್ಡದ ಸೀಳು, ಮುಂದೆ ಎಮ್ಮೆಕಲ್ಲು. ಎರಡೂ ಒಂದೇ ಗೆರೆಗೆ ಬಂತು ಅಂದ್ರೆ ನಿಮ್ಮ ಅಂಗಳದ ಎದ್ರು ಬಂದ ಹಂಗೆ. ಕಲ್ಲು ಸ್ವಲ್ಪ ದೊಡ್ಡ ಕಾಣ್ತದೆ, ಅಷ್ಟೇಯ. ತಿರುಗಬೇಡ. ಗುಡ್ಡ ಬೆನ್ನಿಗಿರಲಿ."

ಸೂರ್ಯ ಕಣ್ಣಿಗೇ ಹೊಡೆಯಿತು. ಬೋಟು ಕುಲುಕಾಡಿತು, ಸಮುದ್ರ ಸೊಟ್ಟ ಆಯಿತು. ಕಲ್ಲು ಚೌಕಗಳ ನಟ್ಟನಡುವೆ, ಕರ್ರಗೆ. ಎಡಗೋಡಿಗೆ ಸೂರ್ಯ ತಾಗಿದಾಗ ಒತ್ತಿದೆ. ಹಿಂದೆ ತಿರುಗಲಿಲ್ಲ. ಕತ್ತಿನ ಹತ್ತಿರ ಮಾತ್ರ ಬಿಸಿ, ಗುಡ್ಡ ಉಸಿರು ಬಿಟ್ಟ ಹಾಗೆ.

ರಕ್ಷಿತಾಗೆ ಕಳಿಸಿದೆ. 'ಅಕ್ಕಾ ಇದು ಡಿಲೀಟ್ ಮಾಡಿ.'

ಡಿಸೆಂಬರ್ 9, ಸಂಜೆ 5. ಕಾಲನಿ

ಅವ್ವಿಯ ಪಕ್ಕ ಕೂತೇ ಬರೆಯುತ್ತಿದ್ದೇನೆ. ಫೋನು ಅವಳ ಕೈಯಲ್ಲೇ ಇದೆ, ಕೊಡುತ್ತಿಲ್ಲ. ಲೈಟ್ ಆರಿದಾಗಲೆಲ್ಲ ನನ್ನತ್ತ ಚಾಚುತ್ತಾಳೆ. ಹತ್ತಿಸಿ ಕೊಡುತ್ತೇನೆ. ಕಲ್ಲಿನ ಕೋಡಿನ ಮೇಲೆ ಬೆರಳಾಡಿಸಿದಳು. ಚಿತ್ರ ದೊಡ್ಡದಾಯಿತು, ಚಿಕ್ಕದಾಯಿತು.

ಈಗಷ್ಟೇ, ತಲೆ ಎತ್ತದೆ, ಕೇಳಿದಳು.

"ಅಂಗಳಲ್ಲೇ ನಿಂತು ತೆಗ್ದಿದ್ಯಲೇ?"

"ಹ್ಞೂಂ" ಅಂದುಬಿಟ್ಟೆ. ಯಾಕೆ ಅಂದೆನೋ.

"ಸಗಣಿ ಬಳದ ಅಂಗಳ. ಕಾಲಿಂದು ಬಿಟ್ಟಿದ್ಯನೇ, ಇಲ್ಲ ಆ ಡ್ಯೂಟಿ ಬೂಟು ಹಾಕ್ಕಂಡೇ ನಿಂತಿದ್ಯ?"

ಉತ್ತರಕ್ಕೆ ಕಾಯುತ್ತಿದ್ದಾಳೆ. ಬೂಟು ನಿನ್ನೆಯ ಬೋಟಿನ ನೀರಿಗೆ ಇನ್ನೂ ಒದ್ದೆ. ಬರೆಯುವುದು ಇಲ್ಲಿಗೆ ನಿಲ್ಲಿಸಿ ಬೂಟು ಬಿಚ್ಚುತ್ತೇನೆ.