ಅಂಬರೇಶನ ಹೆಸರಿಗಿ ಬರೋ ಬುಕ್

೪ ಆಗಸ್ಟ್, ಸಂಜಿ
ಇವತ್ತೂ ಬುಕ್ ಬರ್ಲಿಲ್ಲ. ಎರಡು ತಿಂಗಳಾತು. ಕೋಡ್ಲಾದಾಗ ಸಿಮೆಂಟ್ ಚೀಲ ಹೊತ್ತು ಬಂದು, ಮಾರಿ ತೊಳ್ಕೊಂಡು, ಕೇಳೋದು ಅದೊಂದೇ. ಸೈನ್ಸ್ ಫಿಕ್ಷನ್ ಮಾಸಿಕ. ಅಂಬರೇಶ ಅಣ್ಣ ಮೂರು ವರ್ಷಕ್ಕ ಸಬ್‌ಸ್ಕ್ರಿಪ್ಷನ್ ಕಟ್ಟಿದ್ದ. ಹೋದ ವರ್ಷ ಸೆಪ್ಟೆಂಬರ್‌ನಾಗ ಕಾಗಿಣಾ ಹೊಳಿ ಅವನ್ನ ಒಯ್ತು. ಹೆಣ ಸಿಗಲಿಲ್ಲ. ಅವನ ಅಂಗಿ ತೊಡಿಸಿ ಹುಲ್ಲಿನ ಗೊಂಬಿ ಮಣ್ಣು ಮಾಡಿದ್ವಿ.
ಬುಕ್ ಮಾತ್ರ ಬರ್ತಿತ್ತು. ಒಂಬತ್ತನೇತ್ತಾಗ ಸಾಲಿ ಬಿಟ್ಟಾವ ನಾ. ಆದ್ರೂ ಓದ್ತಿದ್ದೆ. ಧಾರಾವಾಹಿ ನಡದದ — ಬ್ಯಾರೆ ಗ್ರಹದಾಗ ಸಿಕ್ಕೊಂಡ ಹುಡುಗ. ಅವಂದೇನಾತು ಗೊತ್ತಾಗಬೇಕು.

೫ ಆಗಸ್ಟ್
ಪೋಸ್ಟ್‌ಮನ್ ರಮೇಶಕುಮಾರನ್ನ ಹಿಡದು ಕೇಳ್ದೆ. ಬಂದ್ರ ಕೊಡ್ತಿದ್ದಿಲ್ಲೇನು ಅಂದ. ಬುಕ್ ಬರೋವಾಗ ರಸ್ತಾದಾಗ ನಿಂತು 'ಅಂಬರೇಶ' ಅಂತ ಕೂಗ್ತಿದ್ದ. ಅವ್ವ ಒಳಗಿಂದ ಓಡಿ ಬರ್ತಿದ್ಳು. ಪ್ರತಿ ಸಲ. ಬುಕ್ ನೋಡಿ ಹೊಸ್ತಿಲದಾಗೇ ಕುಂದರ್ತಿದ್ಳು. ಕೂಗಬ್ಯಾಡ ಅಂತ ಬೈದಿದ್ದೆ. ರೂಢಿ ಆಗ್ಯಾದ ಅಂದಿದ್ದ, ನಾಲಾಯಕ್.

೧೧ ಆಗಸ್ಟ್
ಹಳೇ ಬುಕ್‌ನಾಗಿನ ನಂಬರಿಗಿ ಫೋನ್ ಹಚ್ಚಿದೆ. ಒಬ್ಬಾಕಿ ಚೆಕ್ ಮಾಡಿ ಹೇಳಿದ್ಳು — "ಅಂಬರೇಶ್ ಅವರೇ ಜೂನ್‌ನಲ್ಲಿ ಕಾಗದ ಬರೆದಿದ್ದಾರಲ್ಲ, ಅಡ್ರೆಸ್ ಬದಲಿಸಿ ಅಂತ."
ಜೂನ್. ಗೊಂಬಿ ಮಣ್ಣು ಮಾಡಿ ಒಂಬತ್ತು ತಿಂಗಳಿಗಿ.
ಹೊಸ ಅಡ್ರೆಸ್: ಬಾಬುಮಿಯಾ ವಾಚ್ ರಿಪೇರಿ, ಸ್ಟೇಷನ್ ರೋಡ್, ವಾಡಿ.

ಅದೇ ದಿನ, ಮತ್ತ
ಬದುಕ್ಯಾನ? ವಾಡಿಯಾಗ ಕುಂತು ಬುಕ್ ಓದಾಕತ್ತಾನ? ಇಲ್ಲಿ ಅವ್ವ ಬಾಗಲಾ ಹಾಕೋದೇ ಬಿಟ್ಟಾಳ. ಸಿಗಲಿ ಮಗ, ಈ ಸಲ ನಾನೇ ಹೊಳಿಗಿ ದಬ್ತೀನಿ... ಬಚ್ಚಲದಾಗ ಕೆಮ್ಮಿದಂಗಾತು. ಅವನಂಗೇ. ಹೋಗಿ ನೋಡ್ದೆ. ಬಕೆಟ್ ನೀರು ಅಲಗಾಡಾಕತ್ತಿತ್ತು. ಯಾರೂ ಇಲ್ಲ.

೧೮ ಆಗಸ್ಟ್
ವಾಡಿಗಿ ಹೋಗಿದ್ದೆ. ಅಂಬರೇಶ ಎಲ್ಲಿ ಅಂದೆ. ಬಾಬುಮಿಯಾ ಕಣ್ಣಿಗಿ ಹಚ್ಚಿದ ಗ್ಲಾಸ್ ತಗದು ನೋಡ್ದ. "ಸಣ್ಣಾವೇನು ನೀ? ಭಾಳ ಸಿಟ್ಟಿನಾವ ಅಂತ ನಿಮ್ಮಪ್ಪ ಹೇಳ್ಯಾನ. ಕುಂದ್ರು."
ಕಾಗದ ಬರಿಸಿದ್ದು ಅಪ್ಪ. ಬಾಬುಮಿಯಾನ ಕೈಲೇ, ಅಣ್ಣನ ಹೆಸರಿನಾಗ. ಅಪ್ಪ ಇಲ್ಲೇ ಗೂಡ್ಸ್ ಶೆಡ್‌ನಾಗ ಹಮಾಲಿ, ಹೆಬ್ಬಟ್ಟಿನಾವ. ಮನಿ ಮುಂದ ಆ ಹೆಸರು ಕೂಗೋದು ಬ್ಯಾಡ ಅಂತ ಇಲ್ಲಿಗಿ ತರಿಸ್ಯಾನ. ಬುಕ್ ಬಂದಾಗ ಬಾಬುಮಿಯಾ ಓದ್ತಾನಂತ. ಆ ಗ್ರಹದಾಗಿನ ಹುಡುಗ ಮನಿಗಿ ಮುಟ್ಟಿದ್ನೇನು ಅಂತ ಅಪ್ಪ ಅದೊಂದೇ ಕೇಳ್ತಾನಂತ.
ಅಣ್ಣ ಇವತ್ತ ಇನ್ನೊಮ್ಮಿ ಸತ್ತ.

೬ ಸೆಪ್ಟೆಂಬರ್, ಸಂಜಿ
ಕೆಲಸ ಬಿಟ್ಟು ವಾಡಿಗಿ ಹೋದೆ. ಅಪ್ಪನ್ನ ಬೈಬೇಕಂತೇ, ಅವ್ವನ ಕಿವಿಗಿ ಬೀಳದಂಗ. ಅಂಗಡಿ ಕಟ್ಟಿ ಮ್ಯಾಲ ಕುಂತಿದ್ದ, ತೊಡಿ ಮ್ಯಾಲ ಬುಕ್, ಕವರ್ ಹರದಿಲ್ಲ. ನನ್ನ ನೋಡಿ ಗಾಬರಿ ಆಗಲಿಲ್ಲ. ಕವರಿನಾಗ ಬರದಿದ್ದ ಅಣ್ಣನ ಹೆಸರಿನ ಮ್ಯಾಲ ಕೈ ಸವರ್ದ.
"ಇನ್ನೆರಡು ಬರ್ತಾವಂತ. ಆಮ್ಯಾಲ ಇವನ ಹೆಸರು ಯಾರೂ ಬರಿಯಂಗಿಲ್ಲೋ."
ಬಸ್‌ನಾಗ ಬೈಗುಳ ಜೋಡಿಸಿಟ್ಟಿದ್ದೆ. ಬಾಜೂಕ ಕುಂತು ಕವರ್ ಹರದೆ.
ಬುಕ್‌ನ ಕೊನಿ ಹಾಳಿ ಮುಂದಿನ ಸಬ್‌ಸ್ಕ್ರಿಪ್ಷನ್ ಫಾರ್ಮ್. ಮನಿಗಿ ತಂದು ಬರಿಯಾಕತ್ತೀನಿ. ಹೆಸರು — ಅಂಬರೇಶ. ಹುಟ್ಟಿದ ವರ್ಷನೂ ಬರ್ದೆ. ಅಪ್ಪ ಬಗಲಾಗೇ ಕುಂತಾನ. ಬಾಗಲದಾಗ ಅವ್ವ ನಿಂತು ಏನದು ಅಂತ ಕೇಳಾಕತ್ತಾಳ. ಒಂದೇ ಸಾಲು ಉಳದದ — ಈಗಿನ ವಿಳಾಸ: