ತೀರಿಹೋದ ತಂಗಿಯ ಊಟ

ನೆವೇರ್,
ಗುರುವಾರ, ೧೯ ನವೆಂಬರ್ ೧೯೯೮

ಪ್ರೀತಿಯ ಗಿಲೇನ್ ಅಕ್ಕಾ,

ಹೇಗಿದ್ದೀ? ಮೈಗೆ ಹುಷಾರಾಗಿದ್ದೀಯಾ? ಹನ್ನೆರಡು ವರ್ಷದ ಮೇಲೆ ಇದನ್ನು ಕೇಳುವುದಕ್ಕೇ ಒಂಥರಾ ಆಗುತ್ತದೆ. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಹಿಡಿದುಕೊಂಡಿದೆ, ಆದರೂ ಸಾರ್ಡಿನ್ ಮೀನು ಬಂದ ದಿನ ತಾನೇ ಬಂದರಿಗೆ ಹೋಗಿ ಜಗಳವಾಡಿ ತರುತ್ತಾಳೆ. ಕ್ರಿಸ್‌ಮಸ್ಸಿಗೆ ಈಗಲೂ ಒಂದೇ ಅಳತೆಯ ಎರಡು ಸ್ವೆಟರ್ ಹೆಣೆಯುತ್ತಾಳೆ. ನಿನ್ನವೆಲ್ಲ ಬೀರುವಿನಲ್ಲಿವೆ, ಒಂದನ್ನು ನಾನು ಕದ್ದು ಹಾಕಿಕೊಂಡಿದ್ದೇನೆ, ನೀಲಿಯದು. ಈ ಕಾಗದವನ್ನು ನೀನು ದಿನಾ ಊಟಕ್ಕೆ ಕೂರುವ ಮೇಜಿನಲ್ಲೇ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ನಿನ್ನ ಮನೆ ಎಲ್ಲಿದೆ ಎಂದು ನನಗಿನ್ನೂ ಗೊತ್ತಿಲ್ಲ.

ಬೇಸಿಗೆಯಲ್ಲಿ ನಮ್ಮೂರಿನ ಲಾರಿಯವನು ಲೆಬ್ರಾಸ್ ನಿನ್ನನ್ನು ನೆವೇರ್ ಪೇಟೆಯಲ್ಲಿ ಕಂಡೆ ಅಂದಿದ್ದ. "ನಿನ್ನನ್ನೇ ಕಂಡಂಗಾಯ್ತು ಕಣೇ, ಮಾತಾಡಿಸಿದ್ರೆ ಮುಖ ತಿರುಗಿಸ್ಕೊಂಡು ಹೋದ್ಲು" ಅಂದ. ಆ ಮಾತೊಂದನ್ನೇ ಹಿಡಿದುಕೊಂಡು ಬಂದೆ. ಬೆಳಗಿನಿಂದ ಪೇಟೆಯ ತರಕಾರಿ ಅಂಗಡಿಗಳ ಮುಂದೆ ಹುಚ್ಚಿಯ ಹಾಗೆ ಅಲೆದು, ಕಾಲು ಸೋತು, ಹಸಿವು ತಡೆಯಲಾರದೆ ಕಣ್ಣಿಗೆ ಬಿದ್ದ ಮೊದಲ ಊಟದ ಮನೆಯ, ಈ ಬಿಸ್ತ್ರೋದ, ಬಾಗಿಲು ತಳ್ಳಿದೆ. ಮದಾಮ್ ತಿವೊಲೆ ಗಲ್ಲಾದ ಹಿಂದೆ ವೈನ್ ಬಗ್ಗಿಸುತ್ತಿದ್ದವಳು ತಲೆಯೆತ್ತಿ, "ಬಂದ್ಯಾ ಗಿಲೇನ್? ಇವತ್ತು ಬರಲ್ಲ ಅಂದಿದ್ದೆ. ಏನೇ ಇಷ್ಟು ಸೊರಗಿದ್ದೀ, ನಿನ್ನೆ ಚೆನ್ನಾಗೇ ಇದ್ಯಲ್ಲ" ಅಂದಳು.

ನಾನು ಅವಳಲ್ಲ ಅನ್ನಬೇಕಿತ್ತು. ಅಷ್ಟರಲ್ಲಿ ಅವಳು ದಿನಾ ಬರುವವರ ಕೈವಸ್ತ್ರಗಳನ್ನಿಡುವ ಗೋಡೆಯ ಗೂಡಿನಿಂದ ನಿನ್ನದನ್ನು ತೆಗೆದು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟಾಗಿತ್ತು. ಅದರ ಅಂಚಿನಲ್ಲಿ ನಿನ್ನ ತುಟಿಯ ಬಣ್ಣ ಇನ್ನೂ ಇತ್ತು. ಕೇಳದೆಯೇ ಎಣ್ಣೆ ಹಾಕಿದ ಹೆರಿಂಗ್ ಮೀನು ಬಂತು, ಆಮೇಲೆ ಉಪ್ಪು ಹಚ್ಚಿದ ಹಂದಿಮಾಂಸ, ಮಸೂರ ಬೇಳೆ. ಬೇಳೆ ಕಂಡರೆ ಮೂಗು ಮುರಿಯುತ್ತಿದ್ದವಳು ನೀನು. ಇಲ್ಲಿ ಎರಡು ಸಲ ಹಾಕಿಸಿಕೊಳ್ಳುತ್ತೀಯಂತೆ. ಯಾವುದೋ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತೀಯಂತೆ. ನಾನು ಬರೀ ತಲೆಯಾಡಿಸುತ್ತ ನಿನ್ನ ಬದುಕಿನ ವಿಷಯ ತಿಳಿದುಕೊಳ್ಳುತ್ತಿದ್ದೆ. ನಿನ್ನ ಕುರ್ಚಿಯ ಮೇಲಿನ ದಿಂಬು ನನ್ನ ಬೆನ್ನಿಗೆ ಸರಿಯಾಗಿ ಕೂತಿತ್ತು. ಅದೇ ನನಗೆ ಭಯ ಹುಟ್ಟಿಸಿತು.

ಜನ ಕಡಿಮೆಯಾದ ಮೇಲೆ ಮದಾಮ್ ಕೈ ಒರೆಸಿಕೊಳ್ಳುತ್ತ ಎದುರಿಗೆ ಬಂದು ಕೂತಳು. "ಮುಂದಿನ ವಾರ ನಿಮ್ಮಿಬ್ಬರ ಹುಟ್ಟುಹಬ್ಬ ಬಂತಲ್ಲ. ಎಂದಿನ ಹಾಗೆ ನಿನ್ನ ತಂಗಿಗೂ ಒಂದು ತಟ್ಟೆ ಹಾಕ್ತೀನಿ. ಪಾಪ, ಆ ಜೋಸಿಯಾನ್. ಸಮುದ್ರ ಅವಳ ಹೆಣಾನೂ ವಾಪಸ್ ಕೊಡಲಿಲ್ಲ ಅಂದಿದ್ಯಲ್ಲ, ನನಗೆ ಅದೇ ನೆನಪಾಗ್ತಿರುತ್ತೆ" ಅಂದಳು.

ಜೋಸಿಯಾನ್ ನಾನೇ ಅಲ್ಲವೇ ಅಕ್ಕಾ. ನನ್ನ ಹೆಸರು ಹಿಡಿದು, ನನ್ನ ಮುಖ ನೋಡಿಕೊಂಡೇ, ನನಗಾಗಿ ಮರುಗುತ್ತಿದ್ದಾಳೆ. ಗಲ್ಲಾದ ಹಿಂದಿನ ದೊಡ್ಡ ಕನ್ನಡಿಯಲ್ಲಿ ನನ್ನನ್ನು ಹುಡುಕಿದೆ. ಅಲ್ಲಿ ಕಂಡದ್ದು ನೀನು. ಈ ಕೋಣೆಯಲ್ಲಿ ನಮ್ಮಿಬ್ಬರಲ್ಲಿ ಒಬ್ಬಳೇ ಇದ್ದಾಳೆ, ಅವಳು ನಾನಲ್ಲ ಅನ್ನಿಸಿತು. ಅಪ್ಪನ ಮಣ್ಣಾದ ಮಾರನೆಯ ದಿನ ನೀನು ಪೆಟ್ಟಿಗೆ ಹಿಡಿದು, "ನಿನ್ನ ಮುಖದಲ್ಲಿ ನನ್ನನ್ನೇ ನೋಡಿ ನೋಡಿ ಸಾಕಾಗಿದೆ, ನನಗೆ ಒಬ್ಬಳೇ ಆಗಿರಬೇಕು" ಅಂದಿದ್ದೆ. ಹೊರಟುಹೋದೆ ಅಂತಷ್ಟೇ ನಾವು ತಿಳಿದಿದ್ದೆವು. ಇಲ್ಲಿ ನನ್ನನ್ನು ಮುಳುಗಿಸಿ ಒಬ್ಬಳಾಗಿದ್ದೀಯೆಂದು ಗೊತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ರೈಲ್ವೆಯಲ್ಲಿದ್ದ ಮುದುಕ, ಮಾರ್ಸ್ಯಾಲ್ ಅಂತೆ, ಚೀಸ್ ತಿನ್ನುತ್ತಿದ್ದ. "ಏನಮ್ಮಾ ಗಿಲೇನ್, ಇವತ್ತು ಎಡಗೈಲಿ ಚಾಕು? ಬಲಗೈಗೆ ರಜಾ ಕೊಟ್ಯಾ?" ಅಂದ. ಮದಾಮ್ ನಕ್ಕಳು. ನಗುತ್ತಲೇ ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ನಗು ನಿಂತುಹೋಯಿತು. ತುಂಬ ಮೆಲ್ಲಗೆ, "ಗಿಲೇನ್ ತನ್ನ ತಂಗಿ ಎಡಚಿ ಅಂತ ಹೇಳಿದ್ಲು" ಅಂದು ಕುರ್ಚಿಯನ್ನು ಹಿಂದಕ್ಕೆ ಜರುಗಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಮಾರ್ಸ್ಯಾಲ್ ಚೀಸನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ನಿಂತ.

ನಾನು ಕೈ ಚಾಚಿದೆ. ಮುಟ್ಟಿ ನೋಡಿ ಅಂದೆ. ಬಹಳ ಹೊತ್ತು ಬಿಟ್ಟು ಎರಡು ಬೆರಳಿನಲ್ಲಿ ಮುಟ್ಟಿದಳು. "ಬೆಚ್ಚಗಿದೆ" ಅಂದಳು, ನನಗಲ್ಲ, ಮಾರ್ಸ್ಯಾಲನಿಗೆ. ಆಮೇಲೆ ನನ್ನ ಮಡಿಲಿನಿಂದ ನಿನ್ನ ಕೈವಸ್ತ್ರ ಎತ್ತಿಕೊಂಡು, ಮಡಿಸಿ, ಗೂಡಿಗೆ ಸೇರಿಸಿ, ನನಗೆ ಬೇರೆಯದು ತಂದುಕೊಟ್ಟಳು. ವಿಳಾಸ ಕೇಳಿದ್ದಕ್ಕೆ, "ಬದುಕಿರೋಳನ್ನ ಸತ್ತಳು ಅಂದಿದ್ದಾಳೆ ಅಂದ್ರೆ ಅವಳಿಗೂ ಏನೋ ಇರ್ಬೇಕು. ನಾನು ಕೊಡಲ್ಲ ತಾಯಿ. ಬರೆದುಕೊಡು, ನಾಳೆ ಅವಳ ಕೈಗೆ ಕೊಡ್ತೀನಿ" ಅಂದಳು. ಒಳ್ಳೆಯ ಹೆಂಗಸು. ನಿನ್ನನ್ನು ಬಿಟ್ಟುಕೊಡಲಿಲ್ಲ.

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಪ್ರತಿ ವರ್ಷ ನನ್ನ ತಟ್ಟೆಯಲ್ಲಿದ್ದುದನ್ನೂ ನೀನೇ ತಿಂದು ಮುಗಿಸುತ್ತೀಯಂತೆ. ಏನೂ ಬಿಡುವುದಿಲ್ಲ, ಆಮೇಲೆ ಅಳುತ್ತೀ ಅಂದಳು ಮದಾಮ್. ಇಲ್ಲದ ನನ್ನ ಜೊತೆ ಕೂತು ಉಣ್ಣುವುದಕ್ಕೆ ಆಗುತ್ತದೆ, ಇರುವ ನನ್ನ ಜೊತೆ ಆಗುವುದಿಲ್ಲ. ಇರಲಿ. ನಾಳೆಯವರೆಗೆ ಕಾದು ನಿನ್ನೆದುರು ನಿಲ್ಲುವುದಿಲ್ಲ. ಇದನ್ನು ಅಮ್ಮನಿಗೆ ಹೇಳುವುದಿಲ್ಲ. ನಿನ್ನನ್ನು ಕಂಡೆ, ದಪ್ಪಗಾಗಿದ್ದೀ ಅಂತ ಹೇಳುತ್ತೇನೆ, ಅವಳಿಗೆ ಸಂತೋಷವಾಗುತ್ತದೆ. ರೈಲಿಗೆ ಹೊತ್ತಾಯಿತು. ನಿನ್ನ ಎರಡೂ ಕೆನ್ನೆಗೆ ಅಮ್ಮನ ಮುತ್ತು, ನನ್ನದೂ. ಮೈ ಬೆಚ್ಚಗಿಟ್ಟುಕೋ.

ಇನ್ನೂ ಇರುವ ನಿನ್ನ ತಂಗಿ,
ಜೋಸಿಯಾನ್

ತಾ.ಕ.: ಮದಾಮ್ ಕೋಟು ಹಿಡಿದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಅಪ್ಪನ ಅಕ್ಕನಿಗೆ ಬಂದದ್ದು ನನಗೂ ಬಂದಿದೆ, ಅಂಡಾಶಯದಲ್ಲಿ. ತಡವಾಗಿ ಗೊತ್ತಾಯಿತು, ಹೊಟ್ಟೆಗೆಲ್ಲ ಹರಡಿದೆ, ಈಸ್ಟರ್‌ವರೆಗೆ ಇರಬಹುದು ಅನ್ನುತ್ತಾರೆ. ನಾವು ಅಚ್ಚು ಒಂದೇ ಆದ ಅವಳಿಗಳು ಎಂದು ಕೇಳಿದ ತಕ್ಷಣ ಡಾಕ್ಟರ್ ಪೆನ್ನು ಕೆಳಗಿಟ್ಟು, ಮೊದಲು ಅವಳನ್ನು ಹುಡುಕಿ ಅಂದರು. ಅದಕ್ಕೇ ಬಂದದ್ದು. ನನ್ನನ್ನು ನೋಡಲು ಬರಬೇಕೆಂದಿಲ್ಲ, ಇಲ್ಲಿ ಯಾರಿಗೂ ಏನೂ ಹೇಳಬೇಕೆಂದಿಲ್ಲ. ಈ ವಾರವೇ ಹೋಗಿ ತೋರಿಸಿಕೋ ಅಕ್ಕಾ.