ಹೇಮಪ್ಪನ ಹೆಬ್ಬೆರಳು

ಕನಕಗಿರಿ, ೧೨ ಆಗಸ್ಟ್ ೧೯೮೫, ಸೋಮವಾರ

ಹೇಮಪ್ಪ ಇಷ್ಟು ವರ್ಷ ಬಿಟ್ಟು ಇವತ್ತೇ ಯಾಕೆ ಹೇಳಿದ? ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ, ಯಾರದೋ ಸುದ್ದಿ ಎಂಬಂತೆ ಹೇಳಿಬಿಟ್ಟ.

"ಹುಲಿಹೈದರದಾಗ ನಾ ಬೇಕಂತಲೇ ಬಿದ್ದಿದ್ದೆ ತಮ್ಮಾ. ಉಸ್ತಾದರೇ ಬೀಳು ಅಂದಿದ್ರು. ತಾಲೀಮು ಉಳೀಲಿ ಅಂತ ಕೈ ಹಿಡಕೊಂಡ್ರು."

ನಮ್ಮ ಗರಡಿಯ ಉಸ್ತಾದ ದಾದೇಸಾಬರು! ಗಂಗಾವತಿಯ ಟಿಕೆಟ್ ಕುಸ್ತಿ ಕಂಪನಿಯಲ್ಲಿ ಸೋಲು ಗೆಲುವು ಮೊದಲೇ ಮಾತಾಗುತ್ತದೆ ಎಂದು ಉಗಿದವರು. ಅದಕ್ಕೆ ಸೇರಿದ ಹೇಮಪ್ಪನಿಗೆ ತಾಲೀಮಿನ ಹೊಸ್ತಿಲು ತುಳಿಯಬೇಡ ಎಂದವರು. ಆಗ ಊರೇ ಎರಡಾಗಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಹುಲಿಹೈದರದ ಕುಸ್ತಿಯಲ್ಲಿ ನಾನು ಹೇಮಪ್ಪನನ್ನು ಚಿತ್ ಮಾಡಿದ ಮೇಲೆ ಕಂಪನಿ ಡೇರೆ ಕಿತ್ತುಕೊಂಡು ಹೋಯಿತು, ಹುಡುಗರು ನಮ್ಮ ಅಖಾಡದ ಮಣ್ಣಿಗೆ ಮರಳಿದರು.

ಸುಳ್ಳು ಹೇಳುತ್ತಾನೆ ಎನ್ನೋಣವೆಂದರೆ ಒಂದು ನೆನಪು ಅಡ್ಡ ಬರುತ್ತದೆ. ತಾಲೀಮಿನಲ್ಲಿ ಕಿರಿಯರಿಗೆ ಪಟ್ಟು ಕಲಿಸುವಾಗ ಹಿರಿಯ ಪೈಲ್ವಾನ ಅವರ ಕತ್ತಿನ ಹಿಂದೆ ಹೆಬ್ಬೆರಳು ಒತ್ತುತ್ತಾನೆ: ಈಗ ಎತ್ತು, ನಾನು ಬೀಳುತ್ತೇನೆ ಎಂದು. ನನಗೆ ಹಾಗೆ ಕಲಿಸಿದವನು ಹೇಮಪ್ಪನೇ. ಹುಲಿಹೈದರದಲ್ಲಿ ಅವತ್ತೂ ಅವನ ಬೆರಳು ತಾಗಿತ್ತು. ತಾಗಿದ್ದಕ್ಕೇ ಎತ್ತಿದೆನೆ? ಎತ್ತುವಾಗ ತಾಗಿತೆ?

ಉಸ್ತಾದರು ಈಗಿಲ್ಲ. ಕೇಳುವುದು ಯಾರನ್ನು?

"ಸಿಟ್ಟು ಬಂತೇನ?" ಎಂದ ಹೇಮಪ್ಪ.

"ಇಲ್ಲ ಬಿಡಣ್ಣ" ಎಂದೆ. ಸಿಟ್ಟಲ್ಲ. ಮತ್ತೇನಿದು?

ಬೆಳಗ್ಗೆ ಹುಡುಗರು ಬರುತ್ತಾರೆ. ಮಣ್ಣಿನ ಮೇಲೆ ಸುಳ್ಳು ಬೀಳಬಾರದು ಎಂದು ಈಗ ಅವರಿಗೆ ಹೇಳುವವನು ನಾನೇ. ಬರೆಯುತ್ತ ಎಡಗೈ ತಾನಾಗಿ ಕತ್ತಿಗೆ ಹೋಗುತ್ತಿದೆ. ಹೆಬ್ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತೇನೆ. ಅವತ್ತು ಅವನ ಬೆರಳು ಇಷ್ಟು ಜೋರಿತ್ತೆ, ಇಲ್ಲ ಇನ್ನೂ ಮೆಲ್ಲಗಿತ್ತೆ?